ಮಣ್ಣು ಪರೀಕ್ಷೆ ಚೀಟಿ ಓದೋದು ಹೇಗೆ? ಅದನ್ನ ಗೊಬ್ಬರದ ಚೀಲದ ಲೆಕ್ಕಕ್ಕೆ ತರೋದು ಹೇಗೆ?

ಕೂರಿಗೆಸಾಲು:
ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ಕಡೆ 2 ಎಕರೆ ಕಪ್ಪು ಭೂಮಿ, ಕೊಳವೆಬಾವಿ ನೀರಿದೆ, ಈ ಮುಂಗಾರಿಗೆ ಮೆಕ್ಕೆಜೋಳ. ಮಣ್ಣು ಆರೋಗ್ಯ ಚೀಟಿ ಕೈಗೆ ಬಂದಿದೆ. ಅದರಲ್ಲಿರೋದು ಹೀಗೆ:

ಪಿಹೆಚ್ 8.2, ಇಸಿ 0.34, ಸಾವಯವ ಇಂಗಾಲ 0.42, ಸಾರಜನಕ 210, ರಂಜಕ 48, ಪೊಟ್ಯಾಷ್ 392, ಗಂಧಕ 14, ಸತು 0.41, ಕಬ್ಬಿಣ 3.9, ಬೋರಾನ್ 0.6. ಕೆಳಗೆ "ಶಿಫಾರಸು 150:75:40" ಅಂತ ಅಚ್ಚಾಗಿದೆ.

ಅಂಗಡಿಯವರು ಎಕರೆಗೆ ಎರಡು ಚೀಲ 10-26-26 ಹಾಕಿ, ಆಮೇಲೆ ಯೂರಿಯಾ ಕೊಡಿ ಸಾಕು ಅಂತಾರೆ. ಚೀಟಿಗೂ ಅವರ ಮಾತಿಗೂ ತಾಳೆ ಆಗುತ್ತಾ? ಇದರಲ್ಲಿ ಯಾವ ಅಂಕಿ ನೋಡಬೇಕು, ಯಾವುದನ್ನ ಬಿಡಬಹುದು?

ಮಣ್ಣುಲ್ಯಾಬ್:
ಮೊದಲು ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ರಂಜಕ 48 ಅಂದರೆ ಬರೀ ರಂಜಕವೋ, ರಂಜಕದ ಪೆಂಟಾಕ್ಸೈಡ್ ರೂಪದ ಲೆಕ್ಕವೋ? ಚೀಟಿಯಲ್ಲಿ ಹೆಸರಿನ ಪಕ್ಕ ಬರೆದಿರುತ್ತೆ. ಪೆಂಟಾಕ್ಸೈಡ್ ಲೆಕ್ಕವಾದರೆ ಹೆಕ್ಟೇರಿಗೆ 22.5ರಿಂದ 55 ಕೆಜಿ ಮಧ್ಯಮ, ಹಾಗಾಗಿ ನಿಮ್ಮದು ಮಧ್ಯಮ. ಬರೀ ರಂಜಕವಾದರೆ 10ರಿಂದ 25 ಮಧ್ಯಮ, ಆಗ 48 ಅನ್ನೋದು ಬಹಳ ಜಾಸ್ತಿ. ಬರೀ ರಂಜಕವನ್ನ 2.29ರಿಂದ ಗುಣಿಸಿದರೆ ಪೆಂಟಾಕ್ಸೈಡ್ ಲೆಕ್ಕ ಸಿಗುತ್ತೆ. ಗೊಬ್ಬರದ ಚೀಲದ ಮೇಲಿರೋದು ಯಾವಾಗಲೂ ಪೆಂಟಾಕ್ಸೈಡ್ ಲೆಕ್ಕವೇ.

ಇನ್ನು ಉಳಿದವು. ಇಸಿ ಅಂದರೆ ಮಣ್ಣಿನಲ್ಲಿ ಕರಗಿರೋ ಉಪ್ಪಿನ ಅಳತೆ. ನಮ್ಮ ಲ್ಯಾಬುಗಳಲ್ಲಿ 1 ಪಾಲು ಮಣ್ಣಿಗೆ 2.5 ಪಾಲು ನೀರು ಕಲಸಿ ಅಳೀತಾರೆ, ಆ ಲೆಕ್ಕದಲ್ಲಿ 1ರೊಳಗಿದ್ದರೆ ಚಿಂತೆ ಇಲ್ಲ. ಮೊಬೈಲಲ್ಲಿ ಹುಡುಕಿದರೆ "4ರವರೆಗೂ ಪರವಾಗಿಲ್ಲ" ಅಂತ ಸಿಗುತ್ತೆ. ಅದು ಮಣ್ಣನ್ನ ಕೆಸರು ಮಾಡಿ ಹಿಂಡಿ ತೆಗೆದ ನೀರಿನ ಅಳತೆ, ಎರಡನ್ನೂ ಹೋಲಿಸಬೇಡಿ.

ಪಿಹೆಚ್ ಅಂದರೆ ಮಣ್ಣು ಹುಳಿಯೋ ಕ್ಷಾರವೋ ಅನ್ನೋದರ ಅಳತೆ, 8.2 ಕಪ್ಪು ಮಣ್ಣಿಗೆ ಸಹಜ. 8.5 ದಾಟಿದರೆ ಮಾತ್ರ ಜಿಪ್ಸಂ ಯೋಚನೆ. ಆಗಲೂ ಎಷ್ಟು ಬೇಕು ಅನ್ನೋದನ್ನ ಲ್ಯಾಬಲ್ಲೇ ಬೇರೆ ಪರೀಕ್ಷೆ ಮಾಡಿಸಬೇಕು. ನೀರು ಬಸಿದು ಹೋಗೋಕೆ ಕಾಲುವೆ ಇಲ್ಲದೆ ಜಿಪ್ಸಂ ಸುರಿದರೆ ದುಡ್ಡು ದಂಡ, ಯಾಕಂದರೆ ಜಿಪ್ಸಂ ಬಿಡಿಸಿದ ಸೋಡಿಯಂ ನೀರಿನ ಜೊತೆ ಹೊರಗೆ ಹೋಗಲೇಬೇಕು. 8.2ರ ತೊಂದರೆ ಬೇರೆ ಥರ: ಸತು, ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ದಕ್ಕಲ್ಲ. ನಿಮ್ಮ ಚೀಟಿಯೂ ಅದನ್ನೇ ಹೇಳ್ತಿದೆ. ಸತುವಿನ ಗಡಿ 0.6 ಪಿಪಿಎಂ (ಹತ್ತು ಲಕ್ಷ ಪಾಲು ಮಣ್ಣಲ್ಲಿ ಎಷ್ಟು ಪಾಲು ಅನ್ನೋ ಲೆಕ್ಕ), ನಿಮ್ಮದು 0.41. ಕಬ್ಬಿಣದ ಗಡಿ 4.5, ನಿಮ್ಮದು 3.9. ಗಂಧಕದ ಗಡಿ 10, ಬೋರಾನ್ ಗಡಿ 0.5, ಇವೆರಡೂ ಸದ್ಯಕ್ಕೆ ಸರಿ ಇವೆ.

ಸಾರಜನಕ ಹೆಕ್ಟೇರಿಗೆ 280 ಕೆಜಿಯ ಕೆಳಗಿದ್ದರೆ ಕಡಿಮೆ. ನಮ್ಮ ಕಡೆ ಹೆಚ್ಚಿನ ಚೀಟಿಗಳಲ್ಲಿ ಇದು ಕಡಿಮೆ ಅಂತಲೇ ಬರುತ್ತೆ, ಮಳೆ ಬಿಸಿಲಿಗೆ ತಕ್ಕ ಹಾಗೆ ಏರಿಳಿಯುತ್ತೆ ಕೂಡ. ಚೀಟಿಯಲ್ಲಿ ನಾನು ಹೆಚ್ಚು ಬೆಲೆ ಕೊಡೋದು ಪಿಹೆಚ್, ಪೊಟ್ಯಾಷ್, ಸತು ಈ ಮೂರಕ್ಕೆ. ಪೊಟ್ಯಾಷ್ 336 ದಾಟಿದರೆ ಹೆಚ್ಚು, ನಿಮ್ಮದು 392.

ಕೂರಿಗೆಸಾಲು:
ನೋಡಿದೆ ಸರ್, ಪೆಂಟಾಕ್ಸೈಡ್ ಲೆಕ್ಕವೇ. ಹಾಗಾದರೆ ಮಧ್ಯಮ. 150:75:40 ಅನ್ನೋದು ಎಕರೆಗಾ?

ಎಡೆಕುಂಟೆ:
ಅಲ್ಲಣ್ಣ, ಹೆಕ್ಟೇರಿಗೆ. ತುಂಬಾ ಜನ ಎಡವೋದೇ ಇಲ್ಲಿ. ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. 2.5ರಿಂದ ಭಾಗಿಸಿದರೆ ಎಕರೆಗೆ 60:30:16 ಕೆಜಿ, ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್. ಇದು ಗೊಬ್ಬರದ ತೂಕ ಅಲ್ಲ, ಅದರೊಳಗಿರೋ ಪೋಷಕಾಂಶದ ತೂಕ. ಈ ಅಂಕಿ ಮಧ್ಯಮ ಮಣ್ಣಿಗೆ ಹೇಳಿದ್ದು. ಮಣ್ಣಲ್ಲಿ ಕಡಿಮೆ ಇದ್ದರೆ ಕಾಲು ಭಾಗ ಹೆಚ್ಚಿಸೋದು, ಹೆಚ್ಚಿದ್ದರೆ ಕಾಲು ಭಾಗ ಇಳಿಸೋದು ರೂಢಿ. ಕೆಲವು ಚೀಟಿಗಳಲ್ಲಿ ಇದನ್ನ ಮೊದಲೇ ಸರಿಹೊಂದಿಸಿ ಬರೆದಿರ್ತಾರೆ. ನಿಮ್ಮದರಲ್ಲಿ ಇಡಿಯಾಗಿ 150:75:40 ಅಂತಲೇ ಇರೋದರಿಂದ ಸರಿಹೊಂದಿಸಿದ ಹಾಗೆ ಕಾಣಲ್ಲ, ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ಕೇಳಿ.

ನಿಮ್ಮ ಲೆಕ್ಕಕ್ಕೆ ಸಾರಜನಕ 60 ಹೋಗಿ 75, ರಂಜಕ 30 ಹಾಗೇ, ಪೊಟ್ಯಾಷ್ 16 ಇಳಿದು 12.

ಲೆಕ್ಕ ರಂಜಕದಿಂದ ಶುರು ಮಾಡಬೇಕು. ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ನೂರು ಕೆಜಿಯಲ್ಲಿ 18 ಸಾರಜನಕ, 46 ರಂಜಕ. 30 ಕೆಜಿ ರಂಜಕಕ್ಕೆ 65 ಕೆಜಿ ಡಿಎಪಿ. ಅದರ ಜೊತೆಗೇ 11.7 ಕೆಜಿ ಸಾರಜನಕ ಬಂದುಬಿಡುತ್ತೆ. 75ರಲ್ಲಿ ಅದನ್ನ ಕಳೆದರೆ ಉಳಿಯೋದು 63.3. ಯೂರಿಯಾದಲ್ಲಿ 46, ಹಾಗಾಗಿ ಸುಮಾರು 137 ಕೆಜಿ. ಯೂರಿಯಾ ಚೀಲ ಈಗ 50 ಕೆಜಿ ಅಲ್ಲ, 45 ಕೆಜಿ ಅನ್ನೋದು ನೆನಪಿರಲಿ. ಅಂದರೆ ಮೂರು ಚೀಲ, ಎರಡು ಕೆಜಿ ಹೆಚ್ಚುಕಮ್ಮಿ. ಕೆಂಪು ಪೊಟ್ಯಾಷಲ್ಲಿ 60 ಇರುತ್ತೆ, 12ಕ್ಕೆ 20 ಕೆಜಿ ಸಾಕು. ಎರಡು ಎಕರೆಗೆ ಎಲ್ಲವನ್ನೂ ಇಮ್ಮಡಿ ಮಾಡಿಕೊಳ್ಳಿ.

ಈಗ ಅಂಗಡಿ ಲೆಕ್ಕ. 10-26-26 ಎರಡು ಚೀಲ ಅಂದರೆ 100 ಕೆಜಿ: ಸಾರಜನಕ 10, ರಂಜಕ 26, ಪೊಟ್ಯಾಷ್ 26. ರಂಜಕ ಸ್ವಲ್ಪ ಕಮ್ಮಿ, ಪೊಟ್ಯಾಷ್ ಬೇಕಾದ್ದರ ಎರಡರಷ್ಟು ದಾಟಿತು. ಅವರು ಕೊಡೋದು ಕೆಟ್ಟ ಗೊಬ್ಬರ ಅಲ್ಲ, ನಿಮ್ಮ ಮಣ್ಣಿಗೆ ಸಲ್ಲದ ಗೊಬ್ಬರ. ಪೊಟ್ಯಾಷ್ ಕಡಿಮೆ ಇರೋ ಕೆಂಪು ಮರಳು ಮಣ್ಣಿಗೆ ಅದೇ ಚೀಲ ಚೆನ್ನಾಗಿ ಹೊಂದುತ್ತೆ.

ಡಿಎಪಿ ಸಿಗದೆ ಹೋದರೆ ಸಿಂಗಲ್ ಸೂಪರ್ ಫಾಸ್ಫೇಟ್ ಆಗುತ್ತೆ. ಅದರಲ್ಲಿ ರಂಜಕ 16 ಮಾತ್ರ, ಎಕರೆಗೆ ಹತ್ತಿರ ಹತ್ತಿರ 190 ಕೆಜಿ ಬೇಕು, ಹೊರೋ ಕೂಲಿ ಜಾಸ್ತಿ. ಆದರೆ 11 ಪಾಲು ಗಂಧಕ ಜೊತೆಗೆ ಬರುತ್ತೆ. ಡಿಎಪಿಯಿಂದ ಬರೋ ಸಾರಜನಕ ಆಗ ಇರಲ್ಲ, ಯೂರಿಯಾ 163 ಕೆಜಿ ಮಾಡಿಕೊಳ್ಳಬೇಕು.

ಕೂರಿಗೆಸಾಲು:
ಈಗ ಅರ್ಥ ಆಯ್ತು. ಸತುವಿಗೆ ಜಿಂಕ್ ಸಲ್ಫೇಟ್ ತಂದು ಡಿಎಪಿ ಜೊತೆ ಕಲಸಿ ಕೂರಿಗೇಲಿ ಬಿಟ್ಟರೆ ಒಂದೇ ಕೆಲಸ ಆಗಲ್ವಾ? ಯೂರಿಯಾ ಮೂರು ಚೀಲ ಒಟ್ಟಿಗೇ ಕೊಡಬಹುದಾ?

ಮಣ್ಣುಲ್ಯಾಬ್:
ಎರಡೂ ಬೇಡ. ಸತು ಮತ್ತು ರಂಜಕ ಒಂದೇ ಕಡೆ ಬಿದ್ದರೆ ಕರಗದ ಸತುವಿನ ಫಾಸ್ಫೇಟ್ ಆಗಿ ಕೂರುತ್ತೆ, ಬೆಳೆಗೆ ಎರಡೂ ಇಲ್ಲ. ಜಿಂಕ್ ಸಲ್ಫೇಟನ್ನ (21 ಪಾಲು ಸತು ಇರೋದು) ಎಕರೆಗೆ 8ರಿಂದ 10 ಕೆಜಿ, ಪುಡಿಯಾದ ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ, ಕೊನೇ ಕುಂಟೆಗೆ ಮೊದಲು ಹೊಲದ ತುಂಬಾ ಎರಚಿ. ಒಮ್ಮೆ ಕೊಟ್ಟರೆ ಎರಡು ಮೂರು ಬೆಳೆಗೆ ಸಾಕು. 33 ಪಾಲಿನ ಚೀಲ ಸಿಕ್ಕರೆ ಅಷ್ಟಕ್ಕೆ ತಕ್ಕಂತೆ ಕಡಿಮೆ ಮಾಡಿ.

ಬಿಟ್ಟುಹೋದರೆ ಎರಡು ಮೂರು ವಾರಕ್ಕೆ ಎಳೇ ಎಲೆಯ ಬುಡದಿಂದ ನಡುನರದ ಎರಡೂ ಪಕ್ಕ ಬಿಳಿ ಪಟ್ಟಿ ಏಳುತ್ತೆ. ಆಗ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣದ ತಿಳಿ ಸೇರಿಸಿ ಸಿಂಪಡಿಸಿ. ಸುಣ್ಣ ಬಿಟ್ಟರೆ ಎಲೆ ಸುಡೋ ಸಾಧ್ಯತೆ ಇದೆ. ಕಬ್ಬಿಣಕ್ಕೆ ಮಣ್ಣಿಗೆ ಏನೂ ಹಾಕೋದು ಬೇಡ, ಈ ಪಿಹೆಚ್‌ನಲ್ಲಿ ಹಾಕಿದ್ದೂ ಗಟ್ಟಿಯಾಗುತ್ತೆ. ಎಲೆ ಹಳದಿ ಗೀರು ತೋರಿಸಿದರೆ ಮಾತ್ರ ಸಿಂಪಡಣೆ.

ಎಡೆಕುಂಟೆ:
ಯೂರಿಯಾ ಮೂರು ಕಂತು ಮಾಡಿ. ಮೂಲಗೊಬ್ಬರದಲ್ಲಿ ಡಿಎಪಿ, ಪೊಟ್ಯಾಷ್ ಪೂರ್ತಿ, ಯೂರಿಯಾ 29 ಕೆಜಿ. ಬೀಜಕ್ಕೆ ತಾಗಬಾರದು, ಎರಡು ಬೆರಳು ಪಕ್ಕ, ಎರಡು ಬೆರಳು ಕೆಳಗೆ. ತಾಗಿದರೆ ಮೊಳಕೆ ಸುಟ್ಟು ಸಾಲಲ್ಲಿ ಖಾಲಿ ಜಾಗ ಬೀಳುತ್ತೆ. ಆಮೇಲೆ ಮೊಣಕಾಲೆತ್ತರ ಬಂದಾಗ, ಸುಮಾರು 30 ದಿನಕ್ಕೆ 54 ಕೆಜಿ, ಸೂಲಂಗಿ ಹೊರಡೋ ಮುಂಚೆ ಇನ್ನೊಂದು 54. ರಂಜಕ ಹಾಕಿದ ಜಾಗದಿಂದ ಕದಲಲ್ಲ, ಅದಕ್ಕೇ ಬೇರಿನ ಹತ್ತಿರ ಒಂದೇ ಸಲ ಹಾಕಬೇಕು. ಡಿಎಪಿಯನ್ನ ಮೇಲುಗೊಬ್ಬರವಾಗಿ ಎರಚೋದು ಅದಕ್ಕೇ ದಂಡ.

ಮೇಲುಗೊಬ್ಬರ ಕೊಟ್ಟ ದಿನವೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ. 8.2 ಪಿಹೆಚ್ ಮಣ್ಣ ಮೇಲೆ ಯೂರಿಯಾ ಬಿಸಿಲಿಗೆ ಬಿದ್ದಿದ್ದರೆ ಅಮೋನಿಯಾ ಆಗಿ ಗಾಳಿ ಪಾಲು.

ಹನಿನೀರು:
ಹನಿ ನೀರಾವರಿ ಇರೋರಿಗೆ ಒಂದು ಮಾತು: ಕ್ಯಾಲ್ಸಿಯಂ ನೈಟ್ರೇಟನ್ನ ರಂಜಕದ ಗೊಬ್ಬರದ ಜೊತೆಗಾಗಲಿ, ಸಲ್ಫೇಟ್ ಇರೋದರ ಜೊತೆಗಾಗಲಿ ಒಂದೇ ಡ್ರಮ್ಮಲ್ಲಿ ಕಲಸಬೇಡಿ. ಸುಣ್ಣದ ಹಾಗೆ ಗಷ್ಟು ಕಟ್ಟಿ ಡ್ರಿಪ್ಪರ್ ಮುಚ್ಚಿಹೋಗುತ್ತೆ. ಬೇರೆ ಬೇರೆ ದಿನ ಬಿಡಿ.

ಕೂರಿಗೆಸಾಲು:
ಇಂಗಾಲ 0.42 ಬಗ್ಗೆ ಯಾರೂ ಹೇಳಲಿಲ್ಲ. ಎಕರೆಗೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಹಾಕಿದರೆ ಮುಂದಿನ ಪರೀಕ್ಷೆಗೆ ಮೇಲೆ ಬರುತ್ತಾ?

ಮಣ್ಣುಲ್ಯಾಬ್:
ಇದು ಶೇಕಡಾ ಲೆಕ್ಕ, 0.5ರ ಕೆಳಗೆ ಕಡಿಮೆ, 0.75ರ ಮೇಲೆ ಹೆಚ್ಚು. ಒಂದೇ ವರ್ಷಕ್ಕೆ ಏರಲ್ಲ. ಎಕರೆಯ ಮೇಲಿನ 6 ಇಂಚು ಮಣ್ಣೇ ಸುಮಾರು 9 ಲಕ್ಷ ಕೆಜಿ ತೂಗುತ್ತೆ. 0.1 ಏರಬೇಕಾದರೆ 900 ಕೆಜಿ ಇಂಗಾಲ ಮಣ್ಣಲ್ಲೇ ಉಳೀಬೇಕು. ನಾಲ್ಕು ಟನ್ ಗೊಬ್ಬರದಲ್ಲಿ ಅರ್ಧದಷ್ಟು ನೀರೇ ಇರುತ್ತೆ, ಉಳಿದದ್ದರಲ್ಲೂ ಬಹುಪಾಲನ್ನ ಸೂಕ್ಷ್ಮಾಣುಗಳು ತಿಂದು ಮುಗಿಸ್ತವೆ. ವರ್ಷವೂ ಹಾಕ್ತಾ ಹೋಗಿ, ಮೆಕ್ಕೆಜೋಳದ ದಂಟು ಸುಡಬೇಡಿ. ದಂಟು ಮುಗುಚೋದಾದರೆ ಕಟಾವಾದ ಕೂಡಲೇ ಮುಗುಚಿ. ಬಿತ್ತನೆಗೆ ಹತ್ತಿರ ಮುಗುಚಿದರೆ ಅದು ಕೊಳೆಯೋಕೆ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಪೈರು ಹಳದಿ ತಿರುಗುತ್ತೆ.

ಮುಂದಿನ ಸಲ ಮಣ್ಣು ತೆಗೆಯುವಾಗ ಬದು, ತಿಪ್ಪೆ ಜಾಗ, ಮರದಡಿ ಬಿಟ್ಟು, ಹೊಲದಲ್ಲಿ ಅಡ್ಡಾದಿಡ್ಡಿ 10ರಿಂದ 15 ಕಡೆ ಆಯ್ದುಕೊಳ್ಳಿ. ಇಂಗ್ಲಿಷಿನ ವಿ ಆಕಾರಕ್ಕೆ 6 ಇಂಚು ಗುಂಡಿ ತೋಡಿ ಅಂಚಿನಿಂದ ಕೆರೆದುಕೊಳ್ಳಿ. ಎಲ್ಲಾ ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಟ್ಟು, ಅರ್ಧ ಕೆಜಿ ಉಳಿಯೋವರೆಗೂ ಹಾಗೇ ಮಾಡಿ. ಒಣಗಿಸೋದು ನೆರಳಲ್ಲಿ. ಗೊಬ್ಬರದ ಖಾಲಿ ಚೀಲದಲ್ಲಿ ಮಾತ್ರ ತುಂಬಬೇಡಿ, ಅದಕ್ಕೆ ಅಂಟಿರೋ ಚೂರೇ ಅಂಕಿ ಕೆಡಿಸೋಕೆ ಸಾಕು.