ಆರ್‌ಎಕ್ಸ್ 100 ಕ್ರ್ಯಾಂಕ್: ಹೊಸ ರಾಡ್ ಅಲ್ಲಾಡ್ತಿದೆ, ಕೇಸ್ ಮುಚ್ಚಬಹುದಾ?

ಪ್ರಶ್ನೆ: ಅಣ್ಣಾ, ಅಪ್ಪ ಓಡಿಸುತ್ತಿದ್ದ 1994ರ ಯಮಹಾ ಆರ್‌ಎಕ್ಸ್ 100 ಎಂಜಿನ್ ಬಿಚ್ಚಿದ್ದೇನೆ. ಲೇತ್ ಅಂಗಡಿಯಲ್ಲಿ ಕ್ರ್ಯಾಂಕ್‌ಗೆ (ಪಿಸ್ಟನ್ ಏರಿಳಿತವನ್ನು ತಿರುಗಾಟ ಮಾಡುವ ಶಾಫ್ಟ್) ಹೊಸ ರಾಡ್ ಕಿಟ್, ಅಂದರೆ ಪಿಸ್ಟನ್‌ಗೆ ಜೋಡಿಸುವ ರಾಡ್, ಪಿನ್ನು, ರೋಲರ್ ಹಾಕಿಸಿದೆ. ಮನೆಗೆ ತಂದು ನೋಡಿದರೆ ರಾಡ್ ಎಡಕ್ಕೂ ಬಲಕ್ಕೂ ಅಲ್ಲಾಡುತ್ತಿದೆ. ಹೊಸದು ಬಿಗಿಯಾಗಿರಬೇಕು ಅಲ್ವಾ?

ಉತ್ತರ: ಗಾಬರಿ ಬೇಡ ತಮ್ಮಾ. ಪಕ್ಕಕ್ಕೆ ಅಲ್ಲಾಡಲೇಬೇಕು. ಆ ಸಂದಿ ಇದ್ದರೇ ಪೆಟ್ರೋಲ್ ಜೊತೆ ಬರುವ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ ಆಯಿಲ್) ಬಿಗ್ ಎಂಡ್ (ರಾಡ್‌ನ ಕ್ರ್ಯಾಂಕ್ ಕಡೆಯ ದಪ್ಪ ತುದಿ) ರೋಲರ್‌ಗೆ ತಲುಪೋದು. ರಾಡ್ ಪಕ್ಕದಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡು. 0.2ರಿಂದ 0.7 ಮಿ.ಮೀ. ಒಳಗಿದ್ದರೆ ಸರಿ.

ಮೇಲೆ ಕೆಳಗೆ ಮಾತ್ರ ಪ್ಲೇ (ಸಡಿಲ) ಇರಬಾರದು. ಬಿಗ್ ಎಂಡ್‌ಗೆ ಆಯಿಲ್ ಬಿಡುವ ಮೊದಲೇ ನೋಡು, ಆಯಿಲ್ ಇದ್ದರೆ ಸಣ್ಣ ಪ್ಲೇ ಗೊತ್ತಾಗಲ್ಲ. ರಾಡ್ ತುದಿ ಹಿಡಿದು ನೇರವಾಗಿ ಎಳೆ, ಒತ್ತು. ಟಕ್ ಅಂತ ಕೈಗೆ ತಾಗಿದರೆ ವಾಪಸ್ ಕೊಡು.

ಅಂದಹಾಗೆ, ಲೇತ್‌ನವರು ಕ್ರ್ಯಾಂಕ್ ಔಟ್ (ತಿರುಗುವಾಗ ಶಾಫ್ಟ್ ಓಲಾಡೋದು) ಎಷ್ಟಿದೆ ಅಂತ ಡಯಲ್ ಗೇಜ್ (ಮುಳ್ಳಿರುವ ಅಳತೆ ಉಪಕರಣ) ಇಟ್ಟು ನೋಡಿದರಾ?

ಪ್ರಶ್ನೆ: ಇಲ್ಲ ಅಣ್ಣಾ, ಸ್ಟೀಲ್ ಸ್ಕೇಲ್ ಇಟ್ಟು ನೋಡಿ ಕೊಟ್ಟರು.

ಉತ್ತರ: ಹಾಗಾದರೆ ಕೇಸ್ (ಕ್ರ್ಯಾಂಕ್ ಕೂರುವ ಎಂಜಿನ್ ಕವಚ) ಮುಚ್ಚಲೇಬೇಡ. ಈ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾಗ, ನಡುವೆ ಪಿನ್ನು, ಪ್ರೆಸ್‌ನಲ್ಲಿ ಒತ್ತಿ ಕೂರಿಸಿದ್ದು. ಒತ್ತುವಾಗ ಒಂದು ಭಾಗ ಸ್ವಲ್ಪ ತಿರುಗಿದರೂ ಎರಡು ಕಡೆಯ ಶಾಫ್ಟ್ ಒಂದೇ ಗೆರೆಗೆ ಬರಲ್ಲ. ವಿ-ಬ್ಲಾಕ್ (ಶಾಫ್ಟ್ ಕೂರಿಸುವ ವಿ ಆಕಾರದ ಆಧಾರ) ಮೇಲೆ ಇಟ್ಟು ನಿಧಾನವಾಗಿ ತಿರುಗಿಸಿದಾಗ ಡಯಲ್ ಮುಳ್ಳಿನ ಓಲಾಟ 0.03 ಮಿ.ಮೀ. ದಾಟಬಾರದು. ನೋಟ್‌ಬುಕ್ ಹಾಳೆಯ ದಪ್ಪವೇ ಸುಮಾರು 0.1 ಮಿ.ಮೀ. ಸ್ಕೇಲ್‌ಗೆ ಇದು ಎಲ್ಲಿ ಕಾಣಬೇಕು?

ಶುರುವಿನಲ್ಲಿ ನಾನೂ 0.08 ಮಿ.ಮೀ. ಔಟ್ ಇದ್ದ ಕ್ರ್ಯಾಂಕ್ ಹಾಕಿದ್ದೆ. ವೇಗ ಅರವತ್ತು ದಾಟಿದರೆ ಫುಟ್‌ರೆಸ್ಟ್ ಮೇಲೆ ಕಾಲು ಜುಮ್ ಅನ್ನುತ್ತಿತ್ತು. ಕೆಲವೇ ತಿಂಗಳಲ್ಲಿ ಮ್ಯಾಗ್ನೆಟ್ (ಕರೆಂಟ್ ತಯಾರಿಸುವ ಭಾಗ) ಕಡೆಯ ಆಯಿಲ್ ಸೀಲ್ ಹೋಯಿತು. ಅಲ್ಲಿಂದ ಗಾಳಿ ಎಳೆದು ಐಡ್ಲಿಂಗ್ ತಾನಾಗೇ ಏರುತ್ತಿತ್ತು. ಗಿರಾಕಿಗೆ ಇಡೀ ಎಂಜಿನ್ ಮತ್ತೆ ಬಿಚ್ಚಿ ಮಾಡಿಕೊಟ್ಟೆ.

ಪ್ರಶ್ನೆ: ನಾಳೆಯೇ ಗೇಜ್ ಇರುವ ಕಡೆ ಒಯ್ಯುತ್ತೇನೆ. ಕ್ರ್ಯಾಂಕ್ ಬೇರಿಂಗ್ ಯಾವುದು ಹಾಕಲಿ?

ಉತ್ತರ: ಸಿ3 ಗುರುತು ಇರೋದೇ ತಗೋ, ಒಳಗೆ ಸಂದಿ ಜಾಸ್ತಿ ಇರುತ್ತೆ. ಬಿಗಿಯಾಗಿ ಕೂತು ಬಿಸಿಯಾದ ಮೇಲೂ ಹಿಡಿಯಲ್ಲ. ನೀರಿನ ಹನಿ ಚುರ್ ಅನ್ನುವಷ್ಟು ಕೇಸ್ ಬಿಸಿ ಮಾಡು, ಬೇರಿಂಗ್ ತಾನೇ ಇಳಿಯುತ್ತೆ. ಕ್ರ್ಯಾಂಕ್ ಕೂರಿಸುವಾಗ ಸುತ್ತಿಗೆಯಲ್ಲಿ ಬಡಿದರೆ ಸರಿ ಮಾಡಿಸಿದ ಔಟ್ ಮತ್ತೆ ಬರುತ್ತೆ, ಹುಷಾರು. ಕೇಸ್ ಬೋಲ್ಟ್ ಬಿಗಿ ಮಾಡಿದ ಮೇಲೆ ಕೈಯಲ್ಲೇ ತಿರುಗಿಸು. ಎಲ್ಲೂ ತಡೆಯದೆ ತಿರುಗಿದರೆ ಮಾತ್ರ ಪಿಸ್ಟನ್ ಹಾಕು.