ಪದಚರ್ಚೆ: ಫುಟ್‌ಬಾಲ್ ಆಟಗಾರನ ‘ಲೋನ್’ ಎರವಲೋ, ನಿಯೋಜನೆಯೋ?

ಮಾನ್ಯರೇ,

ಅಮೆರಿಕದ ಮಿಡ್‌ಫೀಲ್ಡರ್ ಮೈಕೆಲ್ ಬ್ರಾಡ್ಲಿ ಅವರ ಆಟದ ಬದುಕನ್ನು ಕುರಿತು ಕನ್ನಡದಲ್ಲಿ ಒಂದು ಪರಿಚಯ ಲೇಖನ ಬರೆಯುತ್ತಿದ್ದೇನೆ. ಊರು, ಇಸವಿ, ಗೋಲುಗಳ ಲೆಕ್ಕ ತೊಡಕಿಲ್ಲದೆ ಬರುತ್ತಿದೆ. ಲೇಖನಿ ನಿಲ್ಲುತ್ತಿರುವುದು ಕೆಲವು ಪದಗಳ ಮುಂದೆ, ಅದರಲ್ಲೂ ಒಂದು ಕ್ಲಬ್ಬಿನ ಕರಾರಿನಲ್ಲಿದ್ದುಕೊಂಡೇ ಇನ್ನೊಂದು ಕ್ಲಬ್ಬಿನ ಪರ ಕೆಲಕಾಲ ಆಡುವ ‘ಲೋನ್’ ಎಂಬುದರ ಮುಂದೆ.

ನೆದರ್ಲೆಂಡ್ಸ್‌ನ ಹೀರೆನ್‌ವೇನ್ ಕ್ಲಬ್ಬಿನಿಂದ 2008ರಲ್ಲಿ ಜರ್ಮನಿಯ ಬೊರುಸ್ಸಿಯಾ ಮೊಂಶೆನ್‌ಗ್ಲಾಡ್‌ಬಾಖ್ ಸೇರಿದ ಬ್ರಾಡ್ಲಿ, ಅಲ್ಲಿನ ಕರಾರು ಇನ್ನೂ ಜಾರಿಯಲ್ಲಿರುವಾಗಲೇ 2011ರ ಜನವರಿಯಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲಾ ಪರ ಆಡಲು ಹೋದರು. ಋತು ಮುಗಿದ ಮೇಲೆ ಮರಳಿದರು. ಅದೇ ವರ್ಷದ ಆಗಸ್ಟಿನಲ್ಲಿ ಇಟಲಿಯ ಕಿಯೆವೊ ವೆರೋನಾ ಪಾಲಾದರು. ಆ ಕೆಲವು ತಿಂಗಳ ಇಂಗ್ಲೆಂಡ್ ವಾಸವನ್ನು ‘ಸಾಲದ ಮೇಲೆ ಸೇರಿದರು’ ಎಂದು ಬರೆದರೆ, ಆಟಗಾರ ಕೈಮೀರಿ ಸಾಲ ಮಾಡಿಕೊಂಡು ಊರು ಬಿಟ್ಟರೇನೋ ಎಂದು ಓದುಗರು ಮರುಗಬೇಕಾದೀತು. ಕನ್ನಡದಲ್ಲಿ ಈ ವ್ಯವಹಾರಗಳಿಗೆ ಬೇರೆ ಬೇರೆ ಹೆಸರುಗಳಿವೆ: ಕಡ ತಂದ ಸಕ್ಕರೆಯನ್ನು ಬಳಸಿ ಬೇರೆ ಸಕ್ಕರೆಯನ್ನು ಅಳೆದು ಕೊಡುತ್ತೇವೆ, ಎರವಲು ತಂದ ಪುಸ್ತಕವನ್ನಾದರೆ ಅದನ್ನೇ ಹಿಂದಿರುಗಿಸಬೇಕು. ಕ್ಲಬ್ಬು ಹಿಂದಕ್ಕೆ ಕಳಿಸಬೇಕಾದದ್ದು ಅದೇ ಆಟಗಾರನನ್ನೇ ಆದ್ದರಿಂದ ‘ಎರವಲು’ ಸರಿಹೊಂದುತ್ತದೆ.

ಆದರೆ ‘ಎರವಲು ಮಾತು’, ‘ಎರವಲು ವೇಷ’ ಎನ್ನುವಾಗ ಸ್ವಂತದ್ದಲ್ಲ ಎಂಬ ತಿರಸ್ಕಾರ ಆ ಪದಕ್ಕೆ ಅಂಟಿಕೊಂಡಿದೆ. ‘ಎರವಲು ಆಟಗಾರ’ ಎಂದರೆ ಆತ ಎರಡನೆಯ ದರ್ಜೆಯವನು ಎಂಬ ಧ್ವನಿ ಹೊರಡಬಹುದು. ಇದಕ್ಕೆ ಬದಲಾಗಿ ನಮ್ಮ ಸರ್ಕಾರಿ ಕಚೇರಿಗಳ ‘ನಿಯೋಜನೆ’ ಕಣ್ಣ ಮುಂದಿದೆ. ನಿಯೋಜನೆಯ ಮೇಲೆ ಹೋದ ನೌಕರ ಬೇರೊಂದು ಇಲಾಖೆಯಲ್ಲಿ ದುಡಿಯುತ್ತಾನೆ, ಆದರೆ ಅವನ ಮೂಲ ಹುದ್ದೆಯ ನಂಟು ‘ಮಾತೃ ಇಲಾಖೆ’ಯಲ್ಲೇ ಇರುತ್ತದೆ, ಅವಧಿ ಮುಗಿದೊಡನೆ ಅಲ್ಲಿಗೇ ಮರಳುತ್ತಾನೆ. ವ್ಯವಸ್ಥೆ ಹೆಚ್ಚುಕಡಿಮೆ ಒಂದೇ. ಆದರೂ ಆ ಪದಕ್ಕೆ ಆದೇಶದ, ಮೊಹರಿನ ವಾಸನೆ ವಿಪರೀತ. ಎರಡು ಕ್ಲಬ್ಬುಗಳೂ ಆಟಗಾರನೂ ಒಪ್ಪಿ ಮಾಡಿಕೊಳ್ಳುವ ಕರಾರಿಗೆ ಅದು ಹೊಂದುವುದಿಲ್ಲ. ಸದ್ಯಕ್ಕೆ ನಾನು ‘ಎರವಲಾಗಿ ಆಡಿದರು’ ಎಂದು ಕ್ರಿಯಾಪದದ ಜೊತೆಗಷ್ಟೇ ಬಳಸಿ, ಕಚೇರಿ ಕನ್ನಡದಿಂದ ‘ಮಾತೃ ಕ್ಲಬ್’ ಎಂಬುದನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಅಮೆರಿಕದ ಲೀಗಿನಲ್ಲಿ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ‘ಡ್ರಾಫ್ಟ್’ ಅನ್ನು ಹಾಗೆಯೇ ಇಟ್ಟಿದ್ದೇನೆ. 2004ರಲ್ಲಿ ಹದಿನಾರರ ಬ್ರಾಡ್ಲಿ ಅವರನ್ನು ಮೆಟ್ರೊಸ್ಟಾರ್ಸ್ ತಂಡ 36ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ತಂದೆ ಬಾಬ್ ಬ್ರಾಡ್ಲಿ ಆಗ ಅದೇ ತಂಡದ ಕೋಚ್. ಇಲ್ಲಿ ಐಪಿಎಲ್‌ನಂತೆ ಹರಾಜು ಕೂಗುವುದಿಲ್ಲ, ತಂಡಗಳು ಸರದಿಯ ಪ್ರಕಾರ ಆರಿಸುತ್ತವೆ; ‘ಕರಡು’ ಅಂತೂ ಅಲ್ಲವೇ ಅಲ್ಲ. ದೇಶದ ಪರ ಆಡಿದ ಒಂದೊಂದು ಪಂದ್ಯವನ್ನು ಎಣಿಸುವ ‘ಕ್ಯಾಪ್’ ವಿಷಯದಲ್ಲಿ ಚರ್ಚೆಯೇ ಬೇಡ. ಅಮೆರಿಕ ತಂಡದ ಪರ 151 ಪಂದ್ಯಗಳನ್ನಾಡಿ 17 ಗೋಲು ಹೊಡೆದವರ ಬಗ್ಗೆ ‘151 ಟೋಪಿ’ ಎಂದರೆ, ಟೋಪಿ ಹಾಕಿದ್ದು ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ.

ಹೆಚ್ಚು ಕಾಡುತ್ತಿರುವುದು ಮೈದಾನದಲ್ಲಿ ಅವರು ನಿಲ್ಲುತ್ತಿದ್ದ ಜಾಗದ ಹೆಸರು. ‘ಮಿಡ್‌ಫೀಲ್ಡರ್’ ಎಂಬುದನ್ನು ನಮ್ಮ ಪತ್ರಿಕೆಗಳ ಕ್ರೀಡಾಪುಟಗಳು ಬೆಂಗಳೂರು ಎಫ್‌ಸಿ ವರದಿಗಳಲ್ಲಿ ಸಲೀಸಾಗಿ ಬಳಸುತ್ತವೆ, ಅದನ್ನು ಬದಲಿಸುವ ಹಟ ನನಗಿಲ್ಲ. ಆದರೆ ಆ ಒಂದೇ ಪದದೊಳಗೆ ಹಲವು ಕೆಲಸಗಳಿವೆ. ರಕ್ಷಣಾ ಸಾಲಿನ ಮುಂದೆ ನಿಂತು ಎದುರಾಳಿಯ ಚೆಂಡನ್ನು ಕಸಿದು ಮುಂದಿನವರಿಗೆ ಹಂಚುವುದು ಬ್ರಾಡ್ಲಿ ಅವರಿಗೆ ಒಗ್ಗಿದ ಕೆಲಸ. 2014ರ ಬ್ರೆಜಿಲ್ ವಿಶ್ವಕಪ್ಪಿನಲ್ಲಿ ಬ್ರಾಡ್ಲಿ ಅವರನ್ನು ಕೋಚ್ ಯೂರ್ಗನ್ ಕ್ಲಿನ್ಸ್‌ಮನ್ ಅಲ್ಲಿಂದೆತ್ತಿ ದಾಳಿಗಾರನ ಬೆನ್ನಿಗೆ ನಿಲ್ಲಿಸಿದರು. ಇದಕ್ಕಾಗಿ ಬಂದ ಟೀಕೆ ಅರ್ಥವಾಗಬೇಕಾದರೆ ಎರಡು ಜಾಗಗಳಿಗೂ ಬೇರೆ ಬೇರೆ ಹೆಸರು ಬೇಕು. ‘ರಕ್ಷಣಾತ್ಮಕ ಮಿಡ್‌ಫೀಲ್ಡರ್’ ಎಂದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ, ಹಂಚುವ ಕೆಲಸ ಬಿಟ್ಟುಹೋಗುತ್ತದೆ. 2017ರ ಜೂನ್ 11ರಂದು ಮೆಕ್ಸಿಕೊ ಸಿಟಿಯ ಅಜ್ಟೆಕಾ ಕ್ರೀಡಾಂಗಣದಲ್ಲಿ, ಪಂದ್ಯದ 6ನೆಯ ನಿಮಿಷದಲ್ಲಿ, ಎದುರಾಳಿ ಮೆಕ್ಸಿಕೊ ತಂಡದ ಹೆರ್ನಾಂಡೆಜ್ ಹಿಂದಕ್ಕೆ ತಳ್ಳಿದ ಚೆಂಡನ್ನು ನಡುದಾರಿಯಲ್ಲೇ ಕಸಿದುಕೊಂಡ ಬ್ರಾಡ್ಲಿ, ಗೋಲ್‌ಕೀಪರ್ ಒಚೋವಾ ಮುಂದೆ ಬಂದು ನಿಂತಿದ್ದನ್ನು ಕಂಡು, ಸುಮಾರು 40 ಗಜ ದೂರದಿಂದ ಅವರ ತಲೆಯ ಮೇಲಿಂದ ಚೆಂಡನ್ನು ಎತ್ತಿ ಬಲೆಗೆ ಹಾಕಿದರು. ‘ರಕ್ಷಣಾತ್ಮಕ’ ಎಂಬ ವಿಶೇಷಣ ಆ ಗೋಲಿನ ಮುಂದೆ ಪೆಚ್ಚಾಗುತ್ತದೆ.

ಹಾಕಿ ಬಲ್ಲ ಕೊಡಗಿನ ಓದುಗರಿಗೆ ‘ಸೆಂಟರ್ ಹಾಫ್’ ಎಂದರೆ ಈ ಕೆಲಸ ಥಟ್ಟನೆ ಹೊಳೆಯುತ್ತದೆ, ಆದರೆ ಫುಟ್‌ಬಾಲ್‌ನಲ್ಲಿ ಆ ಹೆಸರು ಇನ್ನೂ ಹಿಂದೆ, ಗೋಲಿನ ಹತ್ತಿರ ನಿಲ್ಲುವ ರಕ್ಷಕನಿಗೆ ಸಂದಿದೆ. ಆದ್ದರಿಂದ ಅದನ್ನೂ ಬಿಟ್ಟೆ.

ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್ ಮೈದಾನಗಳಲ್ಲಿ ಆಡಿದವರು ಅಥವಾ ಅಲ್ಲಿನ ಆಟ ವರದಿ ಮಾಡಿದವರು ಬಳಗದಲ್ಲಿದ್ದರೆ, ಈ ಜಾಗದ ಆಟಗಾರನನ್ನು ಅಲ್ಲಿ ಏನೆಂದು ಕರೆಯುತ್ತಿದ್ದರು, ಒಂದು ಕ್ಲಬ್ಬಿನವನು ಇನ್ನೊಂದರ ಪರ ಕೆಲವು ದಿನ ಆಡಿದರೆ ಅದನ್ನು ಯಾವ ಮಾತಿನಲ್ಲಿ ಹೇಳುತ್ತಿದ್ದರು ಎಂಬುದನ್ನು ದಯವಿಟ್ಟು ತಿಳಿಸಬೇಕು. ‘ಎರವಲು’ ಪದದ ತಿರಸ್ಕಾರದ ಧ್ವನಿ ನಿಮ್ಮ ಕಿವಿಗೂ ಬೀಳುತ್ತದೆಯೇ ಎಂಬುದನ್ನು ಸಹ.