‘ಸರಳೆ ಸಿಳ್ಳಾರ’: ಈ ಸರಳೆ ಸಂಗೀತ ಪಾಠದ್ದೇನಾ?

ಗೆಳೆಯರೇ,

ಪಶ್ಚಿಮ ಘಟ್ಟದ ಹಳ್ಳಗಳ ಪಕ್ಕ ನಸುಕಿನಲ್ಲೇ ಸಿಳ್ಳೆ ಹಾಕುವ ಕಡುನೀಲಿ ಹಕ್ಕಿಗೆ ‘ಸರಳೆ ಸಿಳ್ಳಾರ’ ಅನ್ನುವ ಹೆಸರಿದೆ. ಮಲಬಾರ್ ವಿಸ್ಲಿಂಗ್ ಥ್ರಷ್ ಅಂದರೆ ಇದೇ. ಈ ಎರಡೂ ಪದಗಳು ನನ್ನನ್ನು ಬಹಳ ದಿನದಿಂದ ಕಾಡುತ್ತಿವೆ.

ಸಿಳ್ಳು ಅಂದರೆ ಸಿಳ್ಳೆ, ಸರಿ. ಕೊನೆಯ ‘ಆರ’ ಎಲ್ಲಿಂದ ಬಂತು? ಕುಂಭಕಾರ ಸವೆದು ಕುಂಬಾರ, ಚರ್ಮಕಾರ ಸವೆದು ಚಮ್ಮಾರ ಆದವು. ಅದೇ ಅಚ್ಚಿನಲ್ಲಿ ಸಿಳ್ಳಾರ ಆಗಿರಬಹುದು. ಆದರೆ ಹಾಡುಗಾರ, ಮಾತುಗಾರ ಇದ್ದ ಹಾಗೆ ಸಿಳ್ಳೆಗಾರ ಅನ್ನೋದೇ ಸಲೀಸು ಅಲ್ವಾ? ಆದರೂ ನನಗೆ ಸಿಳ್ಳಾರವೇ ಇಷ್ಟ. ಕುಂಬಾರನಿಗೆ ಮಡಕೆ ಹೇಗೋ ಈ ಹಕ್ಕಿಗೆ ಸಿಳ್ಳೆ ಹಾಗೆ, ಕುಲಕಸುಬು ಅನ್ನಿಸುತ್ತದೆ.

ನಿಜವಾದ ತೊಡಕು ‘ಸರಳೆ’ಯದು. ಕೇಳಿದ ಕೂಡಲೇ ಕರ್ನಾಟಕ ಸಂಗೀತದ ಸರಳೆ ವರಸೆ ನೆನಪಾಗುತ್ತದೆ. ಸ್ವರಾವಳಿಯೇ ಸರಳಿ, ಸರಳೆ ಆಯಿತು ಅನ್ನುತ್ತಾರೆ. ಮಾಯಾಮಾಳವಗೌಳ ರಾಗದಲ್ಲಿ ಸರಿಗಮ ಅಂತ ಒಂದೊಂದೇ ಮೆಟ್ಟಿಲು ಹತ್ತಿ, ಒಂದೊಂದೇ ಇಳಿಯುವ ಮೊದಲ ಪಾಠ ಅದು. ಹಕ್ಕಿ ಹಾಗೆ ಮೆಟ್ಟಿಲು ಹತ್ತುವುದಿಲ್ಲ. ಒಂದು ಮಳೆಗಾಲದಲ್ಲಿ, ಇನ್ನೂ ಕತ್ತಲಿರುವಾಗ ಹಳ್ಳದ ದಂಡೆಯಲ್ಲಿ ಕೂತು ಕೇಳಿದ್ದೇನೆ. ನೀರಿನ ಸದ್ದಿನ ನಡುವೆ ಯಾರೋ ಹುಡುಗ ಸಿಳ್ಳೆ ಹಾಕಿಕೊಂಡು ಬರುತ್ತಿದ್ದಾನೆ ಅಂದುಕೊಂಡೆ. ಸ್ವರ ಏರುತ್ತದೆ, ಅರ್ಧಕ್ಕೇ ಜಾರುತ್ತದೆ, ಸುಮ್ನೆ ಎಲ್ಲೋ ಅಲೆದು ಮತ್ತೆ ಏರುತ್ತದೆ. ಬೆಳಕು ಹರಿದ ಮೇಲೆ ಪಾಚಿ ಕಟ್ಟಿದ ಬಂಡೆಯ ಮೇಲೆ ಹಕ್ಕಿ ಕಂಡಿತು. ಮೈಯೆಲ್ಲ ಕಪ್ಪು ಅನ್ನಿಸಿದರೂ ಹಣೆ ಮತ್ತು ಹೆಗಲಿನ ನೀಲಿ ಮಾತ್ರ ಫಳಫಳ ಅನ್ನುತ್ತಿತ್ತು.

ಇಂಗ್ಲಿಷಿನಲ್ಲಿ ಇದಕ್ಕೆ ‘ಸಿಳ್ಳೆ ಹಾಕುವ ಶಾಲೆ ಹುಡುಗ’ ಅನ್ನುವ ಅಡ್ಡಹೆಸರೂ ಇದೆ. ರಾಗ ಕೂಡಿಬಾರದ, ಮನುಷ್ಯರದೇ ಅನ್ನಿಸುವ ಸಿಳ್ಳೆಯಿಂದ ಬಂದ ಹೆಸರು. ಹಾಗಾದರೆ ನಮ್ಮವರೂ ಈಗಷ್ಟೇ ಪಾಠ ಶುರು ಮಾಡಿದ ಮಗುವಿನ ತಡವರಿಕೆ ಕೇಳಿಸಿಕೊಂಡು ‘ಸರಳೆ’ ಅಂದರೇ? ನನ್ನ ಒಲವು ಅತ್ತಲೇ ಇದೆ. ಆದರೆ ಸ್ವರ ಎಳೆದಂತೆ ನೇರ ಬರುತ್ತದೆ ಅಂತ ‘ಸರಳ’ದಿಂದಲೋ, ಬಾಣ ಅನ್ನುವ ಅರ್ಥದ ‘ಸರಳು’ವಿನಿಂದಲೋ ಬಂದಿರಲೂಬಹುದು.

ಇನ್ನೊಂದು ಪ್ರಶ್ನೆಯೂ ಇದೆ. ನೆಲಸಿಳ್ಳಾರ ಅಂತಲೂ ಒಂದು ಹಕ್ಕಿ ಇರುವುದರಿಂದ, ಸಿಳ್ಳಾರ ಅನ್ನುವುದು ಇಡೀ ಗುಂಪಿಗೆ ಇಟ್ಟ ಹೆಸರಿನ ಹಾಗೆ ಕಾಣುತ್ತದೆ. ಇದು ಪುಸ್ತಕಕ್ಕಾಗಿ ಕಟ್ಟಿದ ಪದವೋ, ಜನರ ಬಾಯಲ್ಲಿ ಮೊದಲೇ ಇದ್ದದ್ದೋ? ಮಲೆನಾಡು, ಕೊಡಗು, ಉತ್ತರ ಕನ್ನಡದ ಕಡೆಯವರು ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. ತೋಟದ ಕೆಲಸದವರು, ದನ ಕಾಯುವವರು ಈ ಹಕ್ಕಿಯನ್ನು ಏನೆಂದು ಕರೆಯುತ್ತಾರೆ? ಸಿಳ್ಳೆ ಹಾಕುವ ಹುಡುಗನಿಗೆ ಯಾರಾದರೂ ‘ಸಿಳ್ಳಾರ’ ಅಂದದ್ದು ಕೇಳಿದ್ದೀರಾ?